ರೂಪಗುರುವೂ ಕರ್ಮಗುರುವೂ

ಜರ್ಮನಿದೇಶದ ವೈಮಾರ್ ನಗರದಲ್ಲಿ ೧೯೧೯ನೆಯ ಇಸವಿಯಲ್ಲಿ ಬೌಹೌಸ್ ಶಾಲೆಯನ್ನು ಸ್ಥಾಪಿಸಿದ ವಾಲ್ಟರ್ ಗ್ರೋಪಿಯಸ್ಸನು, ಕಲಾವಿದನಿಗೂ ಕುಶಲಕರ್ಮಿಗೂ ತತ್ತ್ವತಃ ಭೇದವಿಲ್ಲವೆಂದು ಸಾರಿದನು. ಕಾರ್ಯಶಾಲೆಯಲ್ಲಿ ಶಿಷ್ಯನಿಗೆ ಇಬ್ಬರು ಗುರುಗಳು: ರೂಪವನ್ನು ಬೋಧಿಸುವ ಕಲಾವಿದನೊಬ್ಬ, ಕೈಗೆಲಸವನ್ನು ಕಲಿಸುವ ಕಸಬುದಾರನೊಬ್ಬ. ಲಕ್ಷ್ಯಲಕ್ಷಣಗಳೆರಡನ್ನೂ ಒಬ್ಬ ಸ್ಥಪತಿಯಲ್ಲಿಯೇ ಬಯಸುವ ನಮ್ಮ ಶಿಲ್ಪಶಾಸ್ತ್ರಕ್ಕೆ ಈ ವಿಭಾಗವು ವಿಚಿತ್ರವಾಗಿ ತೋರೀತು, ಅದಿರಲಿ. ಗುರುಸಭೆಯಲ್ಲಿ ರೂಪಗುರುವಿಗೆ ಮತವುಂಟು, ಕರ್ಮಗುರುವಿಗೆ ಇಲ್ಲ! ಸಾರಿದ ಅಭೇದವು ಸಭೆಯ ಬಾಗಿಲಲ್ಲಿಯೇ ನಿಂತಿತು. ೧೯೨೫ರಲ್ಲಿ ಶಾಲೆಯು ಡೆಸ್ಸೌ ನಗರಕ್ಕೆ ಹೋದ ಮೇಲೆ, ಎರಡು ವಿದ್ಯೆಗಳನ್ನೂ ಕಲಿತ ಹಳೆಯ ಶಿಷ್ಯರೇ ಗುರುಗಳಾದುದರಿಂದ ಈ ದೋಷವು ಬಹುಮಟ್ಟಿಗೆ ನೀಗಿತು. ಆದರೆ ೧೯೩೩ರಲ್ಲಿ ನಾಜಿಗಳ ಕಾಟದಿಂದ ಶಾಲೆಯೇ ಮುಚ್ಚಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಚರಿತ್ರೆಯನ್ನು ಬರೆಯುವವರು, ಅಸ್ತಿಭಾರ ಹಾಕಿದ ೧೯೦೬ನೆಯ ಇಸವಿಯನ್ನು ಹೇಳಿ ಮುಗಿಸದೆ, ಮರದ ಕೆತ್ತನೆಯ ಮೇಸ್ತ್ರಿಗೆ ಅಲ್ಲಿ ಯಾವ ಪೀಠವಿತ್ತೆಂಬುದನ್ನು ಹುಡುಕಬೇಕು.