ಗ್ರಹಯೋಗವೂ ಮನುಷ್ಯಸ್ವಭಾವವೂ: ಸುರಪುರದ ಜಾತಕದ ವಿಮರ್ಶೆ

ಹತ್ತಿಕುಣಿ, ಶಹಾಪುರ, ಸುರಪುರಗಳನ್ನೊಳಗೊಂಡ ಯಾದಗಿರಿ ಸೀಮೆಗೆ ಸಂಬಂಧಪಟ್ಟ ಜಾತಕಗಳಲ್ಲಿ ಗ್ರಂಥಸ್ಥವಾಗಿ ಪ್ರಸಿದ್ಧವಾದುದು ಸುರಪುರದ ರಾಜಾ ವೆಂಕಟಪ್ಪನಾಯಕನದು. ಆ ಸಂಸ್ಥಾನದಲ್ಲಿ 1841ರಿಂದ 1853ರವರೆಗೆ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ ಇದರ ವೃತ್ತಾಂತವನ್ನು ಹೇಳಿದ್ದಾನೆ. ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮಡಿಯುವನೆಂದೂ ರಾಜ್ಯವು ಕೈಬಿಡುವುದೆಂದೂ ಹುಟ್ಟಿದಾಗಲೇ ಜೋಯಿಸರು ನುಡಿದಿದ್ದರಂತೆ. ಈ ಗುಟ್ಟನ್ನು ತಾಯಿ ರಾಣಿ ಈಶ್ವರಮ್ಮನು ಟೇಲರನಿಗೆ ತಿಳಿಸಿದಳಂತೆ. 1858ರಲ್ಲಿ ರಾಜನು ಕಂಪನಿ ಸರಕಾರದ ವಿರುದ್ಧ ಎದ್ದು ಸೋತು ಸೆರೆಸಿಕ್ಕಿದನು. ಶಿಕ್ಷೆಯು ತಗ್ಗಿ ಚೆಂಗಲ್‌ಪಟ್ಟಿಗೆ ಸಾಗಿಸಲ್ಪಡುವಾಗ ದಾರಿಯಲ್ಲಿಯೇ ಪಿಸ್ತೂಲಿನ ಗುಂಡಿನಿಂದ ಸತ್ತನು. ಅದು ಆತ್ಮಹತ್ಯೆಯೋ ಅಲ್ಲವೋ ಎಂಬ ವಿವಾದವು ಬೇರೆ. ಫಲಜ್ಯೋತಿಷವನ್ನು ನಂಬುವವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಆದರೆ ಗ್ರಹಯೋಗದಿಂದ ಮನುಷ್ಯನ ಸ್ವಭಾವವು ರೂಪುಗೊಳ್ಳುವುದೆಂಬ ಸಿದ್ಧಾಂತಕ್ಕೆ ಇದು ಪ್ರಮಾಣವಾಗಬಲ್ಲುದೇ ಎಂಬುದನ್ನು ವಿಚಾರಿಸತಕ್ಕದ್ದಾಗಿದೆ.

ಮೊದಲು ಯೋಗವೆಂದರೇನೆಂಬುದನ್ನು ನೋಡೋಣ. ಸೂರ್ಯಸಿದ್ಧಾಂತದಲ್ಲಿ ಗ್ರಹಯುತಿಯೆಂದರೆ ಎರಡು ಗ್ರಹಗಳ ಸ್ಫುಟವು ಒಂದೇ ಆಗುವುದು. ಅದು ಅಳೆಯತಕ್ಕ ವಿಷಯ. ಜಾತಕಗ್ರಂಥಗಳಲ್ಲಾದರೋ ಒಂದೇ ರಾಶಿಯಲ್ಲಿ ಕೂಡಿರುವುದೇ ಯೋಗ. ಮೇಷದ ಮೊದಲನೆಯ ಅಂಶದಲ್ಲೊಂದು, ಇಪ್ಪತ್ತೊಂಬತ್ತನೆಯ ಅಂಶದಲ್ಲೊಂದು ಇದ್ದರೆ ಅವು ಕೂಡಿದಂತೆ ಲೆಕ್ಕ. ಮೇಷದ ಇಪ್ಪತ್ತೊಂಬತ್ತರಲ್ಲೊಂದು, ವೃಷಭದ ಒಂದರಲ್ಲೊಂದು ಇದ್ದರೆ, ನಡುವೆ ಎರಡೇ ಅಂಶಗಳ ಅಂತರವಿದ್ದರೂ ಯೋಗವಿಲ್ಲ. ಆಕಾಶದಲ್ಲಿ ಕಣ್ಣಿಗೆ ಕಾಣುವ ಸಾಮೀಪ್ಯಕ್ಕೂ ಕುಂಡಲಿಯ ಮನೆಯಲ್ಲಿ ಬರೆಯುವ ಸಾಮೀಪ್ಯಕ್ಕೂ ಇರುವ ಈ ಭೇದವನ್ನು ನಮ್ಮ ಜೋಯಿಸರು ಗಣನೆಗೆ ತಂದುಕೊಳ್ಳುವುದು ಅಪೂರ್ವ. ಇದನ್ನು ವೇದಕಾಲದ ವಿದ್ಯೆಯೆನ್ನುವ ವಾಡಿಕೆಯೂ ವಿಚಾರಾರ್ಹವೇ. ವೇದಾಂಗಜ್ಯೋತಿಷವು ಯಜ್ಞಕಾಲನಿರ್ಣಯದ ಗಣಿತವಾಗಿದ್ದು, ಅದರಲ್ಲಿ ಮೇಷಾದಿ ರಾಶಿಗಳೂ ಇಲ್ಲ, ಜಾತಕವೂ ಇಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದಲ್ಲಿ ಹೋರಾ, ಕೇಂದ್ರ ಮೊದಲಾದ ಯವನಪದಗಳು ಧಾರಾಳವಾಗಿ ಸಿಕ್ಕುತ್ತವೆ. ಕನ್ನಡದಲ್ಲಿ ಈ ಶಾಸ್ತ್ರವನ್ನು ಮೊದಲು ಗ್ರಂಥರೂಪಕ್ಕೆ ತಂದವನು 1049ರಲ್ಲಿ ಜಾತಕತಿಲಕವನ್ನು ರಚಿಸಿದ ಜೈನಕವಿ ಶ್ರೀಧರಾಚಾರ್ಯನು.

ಬೃಹಜ್ಜಾತಕದ ಹದಿನಾಲ್ಕನೆಯ ಅಧ್ಯಾಯವು ಎರಡೆರಡು ಗ್ರಹಗಳ ಯೋಗಫಲವನ್ನು ಹೇಳುತ್ತದೆ. ರವಿಯೊಡನೆ ಚಂದ್ರನಿದ್ದರೆ ಯಂತ್ರ ಮತ್ತು ಕಲ್ಲಿನ ಕೆಲಸದವನು; ಕುಜನಿದ್ದರೆ ಪಾಪಿಷ್ಠನು; ಬುಧನಿದ್ದರೆ ನಿಪುಣನೂ ಕೀರ್ತಿವಂತನೂ; ಶುಕ್ರನಿದ್ದರೆ ರಂಗದಿಂದಲೋ ಆಯುಧದಿಂದಲೋ ಜೀವಿಸುವವನು; ಶನಿಯಿದ್ದರೆ ಲೋಹದ ಕೆಲಸದಲ್ಲಿ ಕುಶಲನು. ಇಲ್ಲಿ ಸ್ವಭಾವಕ್ಕಿಂತ ಕಸುಬಿನ ಮಾತೇ ಹೆಚ್ಚೆಂಬುದು ಸ್ಪಷ್ಟ. ನಾವು ಈಗ ವ್ಯಕ್ತಿತ್ವವೆನ್ನುವುದನ್ನು ಈ ಸಾಲುಗಳಲ್ಲಿ ಓದುವುದು ಈಚಿನವರ ಆರೋಪ. ಬುಧನ ವಿಷಯವಂತೂ ಇನ್ನೂ ವಿಚಿತ್ರವಾದುದು. ಬುಧನು ಸೂರ್ಯನಿಂದ 28 ಅಂಶಗಳಿಗಿಂತ ಹೆಚ್ಚು ದೂರ ಹೋಗಲಾರನು. ರಾಶಿಯ ವಿಸ್ತಾರವೋ 30 ಅಂಶ. ಆದಕಾರಣ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಈ ಯೋಗವು ಇದ್ದೇ ಇರುವುದು. ಊರಿನ ಅರ್ಧ ಜನರು ನಿಪುಣರೂ ಕೀರ್ತಿವಂತರೂ ಆಗಿದ್ದರೆ ಸಂತೋಷವೇ!

ಮುಂದಿನ ಅಧ್ಯಾಯವು ಪ್ರವ್ರಜ್ಯಾಯೋಗದ್ದು. ನಾಲ್ಕು ಅಥವಾ ಹೆಚ್ಚು ಗ್ರಹಗಳು ಒಂದೇ ರಾಶಿಯಲ್ಲಿದ್ದರೆ ಮನುಷ್ಯನು ಸನ್ಯಾಸಿಯಾಗುವನು. ಅವುಗಳಲ್ಲಿ ಬಲಿಷ್ಠನು ಕುಜನಾದರೆ ಶಾಕ್ಯನು, ಬುಧನಾದರೆ ಆಜೀವಿಕನು, ಶನಿಯಾದರೆ ನಿರ್ಗ್ರಂಥನು, ಇತ್ಯಾದಿ. ಆಜೀವಿಕರು ನಮ್ಮ ನಾಡಿನಿಂದ ಮರೆಯಾಗಿ ಶತಮಾನಗಳೇ ಕಳೆದುವು. ಬುಧನು ಮಾತ್ರ ಹಿಂದಿನಂತೆಯೇ ಸುತ್ತುತ್ತಿದ್ದಾನೆ. ಗ್ರಂಥಕಾರನು ತನ್ನ ಕಾಲದ ಸಮಾಜದಲ್ಲಿ ಕಂಡ ಪಂಗಡಗಳನ್ನು ಗ್ರಹಗಳಿಗೆ ಹಂಚಿದನೆಂದು ನನಗೆ ತೋರುತ್ತದೆ. ಇದು ಆ ಕಾಲದ ಚರಿತ್ರೆಗೆ ಅಮೂಲ್ಯವಾದ ಸಾಮಗ್ರಿ, ನಿತ್ಯನಿಯಮವಲ್ಲ.

ಈ ಯೋಗಕ್ಕೆ ಪರೀಕ್ಷೆಯೂ ಒದಗಿತ್ತು. 1962ರ ಫೆಬ್ರವರಿ 3ರಿಂದ 5ರವರೆಗೆ ಸಪ್ತಗ್ರಹಗಳೂ ಕೇತುವೂ ಮಕರರಾಶಿಯಲ್ಲಿ ಕೂಡಿದುವು. ದೇಶದಲ್ಲೆಲ್ಲ ಪ್ರಳಯದ ಭಯ ಹುಟ್ಟಿ ಹೋಮಹವನಗಳು ನಡೆದುವು. ಆ ದಿನಗಳಲ್ಲಿ ಲೋಕದಲ್ಲಿ ಹುಟ್ಟಿದ ಲಕ್ಷಾಂತರ ಶಿಶುಗಳೆಲ್ಲರಿಗೂ ಪ್ರವ್ರಜ್ಯಾಯೋಗವಿತ್ತು; ಅವರ ತಲೆಮಾರು ಸನ್ಯಾಸಿಗಳ ತಲೆಮಾರಾಗಲಿಲ್ಲ. ಶಾಸ್ತ್ರಜ್ಞರು ಇದಕ್ಕೆ ಕೊಡಬಹುದಾದ ಸಮಾಧಾನವು ಗ್ರಂಥದಲ್ಲಿಯೇ ಇದೆ: ಗ್ರಹವು ಸೂರ್ಯಕಿರಣದಲ್ಲಿ ಅಸ್ತಂಗತವಾಗಿದ್ದರೆ ದೀಕ್ಷೆಯಿಲ್ಲ, ದೀಕ್ಷಿತರಲ್ಲಿ ಭಕ್ತಿ ಮಾತ್ರ. ಈ ಸಮಾಧಾನವನ್ನು ಹಗುರವಾಗಿ ತಳ್ಳಲಾಗದು, ಆಗ ಗ್ರಹಗಳು ಸೂರ್ಯನ ಬಳಿಯೇ ಇದ್ದುವು. ಆದರೆ ಸೂರ್ಯನೂ ಸೇರಿ ಏಳೂ ಕೂಡಿದರೆ ಕೆಲವಾದರೂ ಅಸ್ತಂಗತವಾಗದೆ ಇರುವುದು ದುರ್ಲಭ. ಪೂರ್ಣವಾಗಿ ಕೂಡಿದಾಗಲೇ ಫಲ ಕುಗ್ಗುವ ಯೋಗವೆಂಥದು?

ಈಗ ಸುರಪುರಕ್ಕೆ ಬರೋಣ. ಟೇಲರನು ಕೊಡುವುದು ಫಲವನ್ನು, ಕುಂಡಲಿಯನ್ನಲ್ಲ. ಲಗ್ನವಾವುದು, ಯಾವ ಗ್ರಹವು ಯಾವುದರೊಡನೆ ಕೂಡಿತ್ತು ಎಂಬುದು ಅವನ ಬರವಣಿಗೆಯಿಂದ ತಿಳಿಯುವಂತಿಲ್ಲ. ಆದುದರಿಂದ ಯಾವ ಯೋಗವೂ ಇದರಿಂದ ಸಿದ್ಧವಾಗದು, ಬಾಧಿತವೂ ಆಗದು. ಪುಸ್ತಕವು ಅಚ್ಚಾದದ್ದು 1877ರಲ್ಲಿ, ಟೇಲರನು ತೀರಿಕೊಂಡ ಮೇಲೆ, ಅವನ ಮಗಳ ಸಂಪಾದಕತ್ವದಲ್ಲಿ. ರಾಜನು ಸತ್ತು ಹತ್ತೊಂಬತ್ತು ವರ್ಷಗಳಾಗಿದ್ದುವು. ಟೇಲರನು ಕಾದಂಬರಿಕಾರನೂ ಹೌದು. ಅವನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಬಾಲಕನಾಗಿದ್ದ ರಾಜನು ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದನು. ಆ ಮಮತೆಯು ಪುಟಗಳಲ್ಲಿ ಕಾಣುತ್ತದೆ. ಆದರೆ ಫಲಿಸಿದ ಮೇಲೆ ನೆನೆದ ಭವಿಷ್ಯವು, ಫಲಿಸುವ ಮೊದಲು ಬರೆದಿಟ್ಟ ಭವಿಷ್ಯದಷ್ಟು ತೂಕದ್ದಲ್ಲ.

ರಾಜನ ಸ್ವಭಾವಕ್ಕೆ ಕಾರಣಗಳನ್ನು ಅದೇ ಪುಸ್ತಕದಲ್ಲಿ ಹುಡುಕಬಹುದು. ತಂದೆಯು ಬೇಗ ತೀರಿಕೊಂಡನು. ತಾಯಿಗೂ ಕಾರಭಾರ ನಡೆಸಿದ ಚಿಕ್ಕಪ್ಪ ಪಿಡ್ಡನಾಯಕನಿಗೂ ಅಧಿಕಾರದ ಜಗಳ. ಮೇಲೆ ನಿಜಾಮನ ಬಾಕಿ, ಅದರ ಮೇಲೆ ಕಂಪನಿಯ ಕಣ್ಣು. ಇಂಥ ಅರಮನೆಯಲ್ಲಿ ಬೆಳೆದ ಹುಡುಗನ ಚಂಚಲತೆಗೆ ಶನಿಕುಜರನ್ನು ಕರೆಯಬೇಕಾಗಿಲ್ಲ. ಜಾತಕವು ಅವನ ಬಾಳನ್ನು ಮುಟ್ಟಿದ ಒಂದು ದಾರಿಯನ್ನು ಮಾತ್ರ ನಾನು ಒಪ್ಪಬಲ್ಲೆನು. ಮಗನು ಇಪ್ಪತ್ತನಾಲ್ಕು ದಾಟುವುದಿಲ್ಲವೆಂದು ನಂಬಿದ ತಾಯಿಯೊಬ್ಬಳು ಅವನನ್ನು ಸಾಕಿದಳು. ಅಧಿಕಾರವನ್ನು ಬಿಡಲೊಲ್ಲದ ಆಕೆಯ ಹಟವನ್ನು ಟೇಲರನು ಬರಿಯ ದುರಾಸೆಯೆಂದೇ ಎಣಿಸಿದಂತೆ ತೋರುತ್ತದೆ. ಆಕೆಯು ತಾನೇ ತಿಳಿಸಿದ ಆ ಗುಟ್ಟಿನೊಡನೆ ಇದನ್ನು ಇಟ್ಟು ಓದುವ ಕೆಲಸವನ್ನು ಅವನು ಮಾಡಲಿಲ್ಲ.