ಸುತ್ತಿಗೆಯ ವಾದ್ಯದಲ್ಲಿ ನಿಶಾಗೀತ

ಪಿಯಾನೊ ಸ್ವಭಾವತಃ ಹಾಡುವ ವಾದ್ಯವಲ್ಲ. ಮಣೆಯನ್ನೊತ್ತಿದೊಡನೆ ಒಳಗಿನ ಸುತ್ತಿಗೆಯೊಂದು ತಂತಿಯನ್ನು ತಾಕಿ ಹಿಂದಿರುಗುತ್ತದೆ. ಹುಟ್ಟಿದ ಸ್ವರವು ಆ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಪಿಟೀಲಿನ ಕಮಾನಿನಂತೆ ಅದನ್ನು ಬೆಳೆಸುವುದಕ್ಕಾಗಲಿ, ವೀಣೆಯ ತಂತಿಯನ್ನೆಳೆದು ಗಮಕ ತೆಗೆಯುವಂತೆ ಸ್ವರದಿಂದ ಸ್ವರಕ್ಕೆ ಜಾರಿಸುವುದಕ್ಕಾಗಲಿ ವಾದಕನಿಗೆ ಅವಕಾಶವಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ, ರಮ್ಯಪಂಥದ ಆವರಣದಲ್ಲಿ ಬೆಳೆದ ನಾಕ್ಟರ್ನ್ ಎಂಬ ನಿಶಾಗೀತವನ್ನು ಬೆಳದಿಂಗಳು, ವಿರಹ, ಸ್ವಪ್ನಗಳ ಮಾತಿನಲ್ಲಿಯೇ ವರ್ಣಿಸಿ ತೃಪ್ತರಾಗುವವರು ಈ ಕೊರತೆಯನ್ನು ಗಣಿಸುವುದಿಲ್ಲ. ಆದರೆ ಆ ಪ್ರಕಾರದ ಸತ್ತ್ವವೆಲ್ಲ, ನನ್ನ ಎಣಿಕೆಯಲ್ಲಿ, ಈ ಕೊರತೆಯನ್ನು ಎದುರಿಸಿದ ಬಗೆಯಲ್ಲಿಯೇ ಅಡಗಿದೆ.

ಹದಿನೆಂಟನೆಯ ಶತಮಾನದಲ್ಲಿ ಈ ಹೆಸರು ಇರುಳಿನ ಕೂಟಗಳಲ್ಲಿ ಹಲವು ವಾದ್ಯಗಳು ಸೇರಿ ನುಡಿಸುತ್ತಿದ್ದ ವಿನೋದಸಂಗೀತಕ್ಕೆ ಸಲ್ಲುತ್ತಿತ್ತು. ಅದನ್ನು ಒಂಟಿ ಪಿಯಾನೊವಿಗೆ ತಂದವನು, 1782ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ, ಗುರು ಕ್ಲೆಮೆಂಟಿಯೊಡನೆ ರಷ್ಯಕ್ಕೆ ಹೋಗಿ ನೆಲೆನಿಂತು, 1837ರಲ್ಲಿ ಮಾಸ್ಕೋ ನಗರದಲ್ಲಿ ತೀರಿಕೊಂಡ ಜಾನ್ ಫೀಲ್ಡ್. ಅವನ ಎಡಗೈ ಮೊದಲು ಮಂದ್ರಸ್ವರವೊಂದನ್ನು ಮುಟ್ಟಿ, ಅಲ್ಲಿಂದ ದೂರ ದೂರದ ಸ್ವರಗಳನ್ನು ಬಿಡಿಬಿಡಿಯಾಗಿ ಅಲೆಯಂತೆ ಎಬ್ಬಿಸುತ್ತದೆ. ಕಾಲಿನ ಪೆಡಲು ತಂತಿಗಳ ಮೇಲಿನ ತಡೆಗಳನ್ನೆಲ್ಲ ಎತ್ತಿ ಹಿಡಿದಿರುವುದರಿಂದ ಆ ಮಂದ್ರವು ತಂಬೂರಿಯ ಶ್ರುತಿಯಂತೆ ನಿಂತು, ಬಲಗೈಯ ರಾಗಧಾರೆಯ ಕ್ಷೀಣಿಸುವ ಸ್ವರಗಳನ್ನು ತನ್ನ ಅನುರಣನದಲ್ಲಿ ತೇಲಿಸುತ್ತದೆ. ಈ ಯುಕ್ತಿಯೇ ನಾಕ್ಟರ್ನಿನ ಅಸ್ತಿಭಾರ. ಆದರೆ 1812ರಿಂದ ಅಚ್ಚಾಗತೊಡಗಿದ ಅವನ ಗೀತಗಳಲ್ಲಿ ಬಹುಮಟ್ಟಿಗೆ ಆರಂಭದ ಭಾವವೇ ಅಂತ್ಯದವರೆಗೂ ಕದಲದೆ ನಿಂತಿರುತ್ತದೆ. 1859ರಲ್ಲಿ ಅವುಗಳನ್ನು ಸಂಪಾದಿಸಿದ ಲಿಸ್ಟ್ ಆ ಮುಗ್ಧತೆಯನ್ನು ಮನಸಾರೆ ಕೊಂಡಾಡಿದ್ದಾನೆ. ಅದು ಗುಣವೂ ಹೌದು, ಮಿತಿಯೂ ಹೌದು.

ಈ ಮಿತಿಯನ್ನು ದಾಟಿದ ರಚನಕಾರ ಶೊಪಾನ್. ಅವನ ಓಪಸ್ 9 ಎಂಬ ಗುಚ್ಛದ ಎರಡನೆಯ ಗೀತವನ್ನು, ಅತಿಪರಿಚಯದಿಂದ ಅವಜ್ಞೆಗೆ ಗುರಿಯಾಗಿರುವ ಆ ಇ-ಫ್ಲ್ಯಾಟ್ ಮೇಜರ್ ಕೃತಿಯನ್ನು, ಸಾವಧಾನದಿಂದ ನೋಡಬೇಕು. ಎಡಗೈಯಲ್ಲಿ ಒಂದು ಮಂದ್ರಸ್ವರ, ಅದರ ಬೆನ್ನಿಗೆ ಎರಡು ಸ್ವರಗುಚ್ಛ. ಮೂವತ್ತನಾಲ್ಕು ಆವರ್ತಗಳ ಬಹುಭಾಗದಲ್ಲಿಯೂ ಇದೇ ನಡೆ. ಇದರ ಮೇಲೆ ಆರಂಭದ ನಾಲ್ಕು ಆವರ್ತಗಳ ಪಲ್ಲವಿಯು ಮತ್ತೆ ಮತ್ತೆ ಮರಳುತ್ತದೆ. ಮರಳಿದಾಗಲೆಲ್ಲ, ನಮ್ಮ ಕೃತಿಗಳಲ್ಲಿ ಒಂದೇ ಸಾಲಿಗೆ ಸಂಗತಿಯ ಮೇಲೆ ಸಂಗತಿ ಬೀಳುವಂತೆ, ಹೊಸ ಕಂಪನವನ್ನೋ ಹೊಸ ಸ್ವರಪಂಕ್ತಿಯನ್ನೋ ತೊಟ್ಟು ಬರುತ್ತದೆ. ಎಳೆಯಲಾಗದ ಸ್ವರವನ್ನು ಎಳೆಎಳೆಯಾಗಿ ಬಿಡಿಸಿ ಜೀವಂತವಾಗಿಡುವ ಈ ವಿದ್ಯೆಯು, ಅವನು ಮನಸೋತಿದ್ದ ಇಟಲಿಯ ಒಪೆರಾ ಗಾಯಕಿಯರ ಕಂಠದಿಂದ ಬಂದದ್ದು. ಕೊನೆಯಲ್ಲಿ ನಾಲ್ಕೇ ಸ್ವರಗಳ ಸುಳಿಯೊಂದು ತಾಳವನ್ನು ಮರೆತು ತಿರುತಿರುಗಿ ನಿಧಾನವಾಗಿ ಶಮಿಸುತ್ತದೆ. ಬರ್ಲಿನ್ನಿನ ವಿಮರ್ಶಕ ರೆಲ್‌ಸ್ಟಾಬನು ಈ ಓಪಸನ್ನು ಫೀಲ್ಡನೊಡನೆ ಹೋಲಿಸಿ ಹಳಿದನು. ಫೀಲ್ಡನ ನಗೆ ಶೊಪಾನನಲ್ಲಿ ವಿಕಾರವಾಯಿತೆಂಬುದು ಅವನ ಆಕ್ಷೇಪದ ಧ್ವನಿ. ಅಲಂಕಾರವು ಮೇಲಿನ ಹಚ್ಚಡವಾಗಿರದೆ ಭಾವದ ಬೆಳವಣಿಗೆಯೇ ಆಗಿರುವುದನ್ನು ಅವನು ಕಾಣಲಿಲ್ಲ.

1841ರ ಓಪಸ್ 48ರ ಮೊದಲನೆಯದಾದ ಸಿ ಮೈನರ್ ಕೃತಿಯಲ್ಲಿ ಈ ಪ್ರಕಾರವು ತನ್ನ ಎಲ್ಲೆಯನ್ನು ಮುಟ್ಟುತ್ತದೆ. ನಾಕ್ಟರ್ನಿನ ರೂಢಿಯ ಚೌಕಟ್ಟು ಮೂರು ಭಾಗಗಳದು: ಗೀತ, ಅದಕ್ಕೆ ವಿರುದ್ಧಭಾವದ ಮಧ್ಯಖಂಡ, ಪುನಃ ಗೀತ. ಇಲ್ಲಿ ಶವಯಾತ್ರೆಯ ಹೆಜ್ಜೆಯಂತೆ ಭಾರವಾದ ಎಡಗೈಯ ಮೇಲೆ ಗದ್ಗದಿತವಾದ ರಾಗವೊಂದು ತಡೆತಡೆದು ಸಾಗುತ್ತದೆ. ಮಧ್ಯಖಂಡವು ಮೇಜರಿಗೆ ತಿರುಗಿ ಮೇಳಪ್ರಾರ್ಥನೆಯ ಗಾಂಭೀರ್ಯದಿಂದ ಮೆಲ್ಲನೆ ತೊಡಗುತ್ತದೆ. ಶಾಂತಿ ದೊರೆಯಿತೆನ್ನುವಷ್ಟರಲ್ಲಿ ಜೋಡಿಸ್ವರಗಳ ದಂಡು ಕೆಳಗಿನಿಂದ ನುಗ್ಗಿ ಆ ಪ್ರಾರ್ಥನೆಯನ್ನು ಕಲಕುತ್ತದೆ. ಮೂರನೆಯ ಭಾಗದಲ್ಲಿ ಮೊದಲಿನ ರಾಗವೇ ಹಿಂದಿರುಗಿದರೂ, ಲಯವು ಇಮ್ಮಡಿಯಾಗಿ, ತ್ರಿವಳಿ ಸ್ವರಗುಚ್ಛಗಳ ಉದ್ವೇಗದಲ್ಲಿ ಉಸಿರುಗಟ್ಟುತ್ತ ಬರುತ್ತದೆ. ಫೀಲ್ಡನಲ್ಲಿ ಪುನರಾವೃತ್ತಿಯೆಂದರೆ ಮನೆಗೆ ಮರಳುವುದು. ಇಲ್ಲಿ ಮರಳಿದವನು ಬೇರೊಬ್ಬನಾಗಿದ್ದಾನೆ. ಓಪಸ್ 15ರ ಮೂರನೆಯದರಲ್ಲಂತೂ ಮೊದಲ ಭಾಗ ಹಿಂದಿರುಗುವುದೇ ಇಲ್ಲ.

ಆಮೇಲಿನ ಕಾಲದಲ್ಲಿ ಅಲೆಯಂಥ ಎಡಗೈಯನ್ನೂ ಮಧುರವಾದ ಬಲಗೈಯನ್ನೂ ಅನುಕರಿಸುವುದು ಸುಲಭವಾಗಿ, ನಾಕ್ಟರ್ನ್ ದಿವಾನಖಾನೆಯ ಆಭರಣವಾಯಿತು. ಹದಿಮೂರು ನಾಕ್ಟರ್ನ್‌ಗಳನ್ನು ರಚಿಸಿ, ಕಿವಿಯ ಶಕ್ತಿ ಕುಂದಿದ್ದ 1921ರಲ್ಲಿ ಕಡೆಯದನ್ನು ಮುಗಿಸಿದ ಫ್ರಾನ್ಸಿನ ಫೋರೆಯನ್ನು ಮಾತ್ರ ಈ ಮಾತಿನಿಂದ ಹೊರಗಿಡಬೇಕು. ಶೊಪಾನನನ್ನು ಇ-ಫ್ಲ್ಯಾಟ್ ಗೀತವೊಂದರಿಂದಲೇ ಬಲ್ಲ ಓದುಗರು, ಯಾವುದಾದರೂ ಬಿಡುವಿನ ಸಂಜೆ ಫೀಲ್ಡನ ಐದನೆಯ ನಾಕ್ಟರ್ನನ್ನು ಮೊದಲು ಕೇಳಿ, ಅದರ ಬೆನ್ನಿಗೇ ಸಿ ಮೈನರ್ ಕೃತಿಯನ್ನು ಕೇಳಬೇಕೆಂದು ನನ್ನ ಬಿನ್ನಹ.