ಬಯಕೆ ಮತ್ತು ಸಹಿ: ಪರನಗರದ ಬಸುರಿಯನ್ನು ಕುರಿತ ಎರಡು ಕಾದಂಬರಿಗಳು

ಸಂಸ್ಕೃತ ಕವಿಗಳು ದೋಹದವೆಂದೂ ಕನ್ನಡದ ಮನೆಗಳು ಬಯಕೆಯೆಂದೂ ಕರೆದಿರುವ ಗರ್ಭಿಣಿಯ ಆಸೆಗೆ ಕಾವ್ಯಪರಂಪರೆಯಲ್ಲಿ ಒಂದು ಗೌರವದ ಸ್ಥಾನವುಂಟು. ರಘುವಂಶದ ಮೂರನೆಯ ಸರ್ಗದಲ್ಲಿ ಸುದಕ್ಷಿಣೆಗೆ ಮಣ್ಣನ್ನು ತಿನ್ನುವ ಬಯಕೆ. ಕೇಳಿದರೆ ಸ್ವರ್ಗದಿಂದಲಾದರೂ ತರಬಲ್ಲ ದಿಲೀಪನಿಗೆ, ನಾಚಿಕೆಯಿಂದ ಅವಳು ಬಾಯಿಬಿಟ್ಟು ಏನನ್ನೂ ಕೇಳಳೆಂಬುದೇ ಚಿಂತೆ. ಆದುದರಿಂದ ಅವಳ ಸಖಿಯರನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಈ ಸಖಿಯರ ಉಪಸ್ಥಿತಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ. ಬಯಕೆಯೆಂಬುದು ಒಬ್ಬಳ ನಾಲಗೆಯ ಚಾಪಲ್ಯವಲ್ಲ. ಕೇಳುವವರು, ಅರಿತುಕೊಳ್ಳುವವರು, ಪೂರೈಸುವವರು ಸುತ್ತಲೂ ಇದ್ದಾರೆಂಬ ನಂಬಿಕೆಯ ಮೇಲೆ ನಿಂತಿರುವ ವ್ಯವಹಾರ ಅದು. ಸುತ್ತಲಿನ ಆ ಜನರೇ ಇಲ್ಲದ ದೊಡ್ಡ ನಗರವೊಂದರಲ್ಲಿ, ಭಾಷೆಯೂ ನಡೆನುಡಿಯೂ ಬೇರೆಯಾದ ದೇಶದಲ್ಲಿ, ಹೆಣ್ಣೊಬ್ಬಳು ಬಸುರಿಯಾದರೆ ಆ ವ್ಯವಹಾರದ ಗತಿಯೇನು? ಜುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (2003), ಬುಚಿ ಎಮೆಚೇಟಾರವರ ‘ಸೆಕೆಂಡ್ ಕ್ಲಾಸ್ ಸಿಟಿಜನ್’ (1974) ಎಂಬ ಎರಡು ಇಂಗ್ಲಿಷ್ ಕಾದಂಬರಿಗಳನ್ನು ಒಟ್ಟಿಗೆ ಓದಿದಾಗ ಈ ಪ್ರಶ್ನೆಗೆ ದೊರೆಯುವ ಉತ್ತರ ರೂಢಿಯ ಉತ್ತರಕ್ಕಿಂತ ಭಿನ್ನವಾದುದು.

ಲಾಹಿರಿಯವರ ಕಥೆ ಒಂದು ಅಡುಗೆಮನೆಯಲ್ಲಿ ಆರಂಭವಾಗುತ್ತದೆ. 1968ರ ಆಗಸ್ಟ್ ತಿಂಗಳ ಒಂದು ಸಂಜೆ, ಬಾಸ್ಟನ್ನಿನಿಂದ ಚಾರ್ಲ್ಸ್ ನದಿಯಾಚೆಗಿರುವ ಕೇಂಬ್ರಿಜಿನ ಬಾಡಿಗೆ ಮನೆಯಲ್ಲಿ, ದಿನ ತುಂಬಿದ ಆಶಿಮಾ ಬೋಗುಣಿಯೊಂದರಲ್ಲಿ ರೈಸ್ ಕ್ರಿಸ್ಪೀಸ್, ಡಬ್ಬಿಯ ಕಡಲೆಕಾಯಿ ಬೀಜ, ಹೆಚ್ಚಿದ ಈರುಳ್ಳಿಗಳನ್ನು ಕಲಸುತ್ತಿದ್ದಾಳೆ. ಉಪ್ಪು, ನಿಂಬೆಯ ರಸ, ಹಸಿಮೆಣಸಿನಕಾಯಿ ಎಲ್ಲ ಬಿದ್ದಿವೆ. ಸಾಸಿವೆ ಎಣ್ಣೆ ಮಾತ್ರ ಇಲ್ಲ. ಕಲಕತ್ತೆಯ ಬೀದಿಗಳಲ್ಲಿ ಕಾಗದದ ಪೊಟ್ಟಣಕ್ಕೆ ತುಂಬಿ ಮಾರುವ ತಿಂಡಿಯ, ಎಂದರೆ ಮೈಸೂರು ಸೀಮೆಯ ಚುರುಮುರಿಗೆ ಸೋದರಸಂಬಂಧಿಯಾದುದರ, ನಕಲು ಇದು. ಬೆಳಗಿನ ಹಾಲಿಗೆ ಹಾಕಿಕೊಳ್ಳಲೆಂದು ಕಾರ್ಖಾನೆ ಮಾಡಿದ ಅಕ್ಕಿಯ ಅರಳು ಬಂಗಾಳಿ ಬಸುರಿಯ ಬಯಕೆಗೆ ಒದಗಬೇಕಾಗಿ ಬಂದಿದೆ. ಬಯಸುವವಳೂ ಅವಳೇ, ಕಲಸುವವಳೂ ಅವಳೇ, ಏನೋ ಕಡಮೆಯಾಯಿತೆಂದು ಕಂಡುಕೊಳ್ಳುವವಳೂ ಅವಳೇ.

ಅನಂತರದ ಆಸ್ಪತ್ರೆಯ ಪ್ರಸಂಗವಂತೂ ಕಾದಂಬರಿಯ ಶ್ರೇಷ್ಠ ಭಾಗಗಳಲ್ಲೊಂದು. ಪರದೆಗಳ ಆಚೆ ಬೇರೆ ಹೆಂಗಸರು. ಅವರ ಗಂಡಂದಿರು ಎಲ್ಲರಿಗೂ ಕೇಳುವಂತೆ ಪ್ರೀತಿಯ ಮಾತನಾಡುತ್ತಾರೆ. ಆಶಿಮಾ ಗಂಡನ ಹೆಸರನ್ನೇ ಉಚ್ಚರಿಸದವಳು. ಒಡಪು ಹೇಳಿ ಅದರ ಮರೆಯಲ್ಲಿ ಗಂಡನ ಹೆಸರನ್ನು ಜಾರಿಸುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಪದ್ಧತಿಯನ್ನು ಬಲ್ಲವರಿಗೆ ಈ ಸಂಕೋಚದ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಲ್ಲಾಗಿದ್ದರೆ ಹೆರಿಗೆಗೆ ತವರಿಗೆ ಹೋಗಬೇಕಾಗಿತ್ತೆಂದು ಅವಳು ನೆನೆಯುತ್ತಾಳೆ. ಮುಂಬಯಿ ಪುಣೆಗಳ ಎಷ್ಟೋ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಬಸುರಿಯನ್ನು ಸೀಮಂತ ಮುಗಿಸಿ ರೈಲು ಹತ್ತಿಸಿದ ನೆನಪು ಇನ್ನೂ ಹಸಿಯಾಗಿರುವುದರಿಂದ, ಇಲ್ಲಿ ವಾಚಕರ ಮನಸ್ಸು ತಾನಾಗಿಯೇ ಕರಗುವುದು. ಅಪಾಯವಿರುವುದೂ ಇಲ್ಲಿಯೇ. ತವರು ಸಕಲ ಸುಖದ ನೆಲೆ, ಪರನಗರ ಸಕಲ ದುಃಖದ ನೆಲೆ ಎಂದು ಗೆರೆ ಎಳೆದು ಕೃತಿಯನ್ನು ಮುಚ್ಚಿಡುವ ವಿಮರ್ಶೆಗೆ ಇಷ್ಟು ಸಾಮಗ್ರಿ ಸಾಕಾಗುತ್ತದೆ.

ಎಮೆಚೇಟಾರವರ ಅಡಾ ಈ ಗೆರೆಯನ್ನು ಅಳಿಸಿಹಾಕುತ್ತಾಳೆ. ನೈಜೀರಿಯದ ಈ ಇಬೋ ಹೆಣ್ಣುಮಗಳಿಗೆ ಕಳೆದುಕೊಳ್ಳಲು ತವರೇ ಇಲ್ಲ. ಎಳವೆಯಲ್ಲಿಯೇ ತಂದೆ ತೀರಿಕೊಂಡ. ಬಂಧುಗಳ ಮನೆಯಲ್ಲಿ ದುಡಿದು ಬೆಳೆದ ಅವಳು ಓದುವುದಕ್ಕೊಂದು ಸೂರು ಬೇಕೆಂದೇ ಮದುವೆಯಾದವಳು. ಗಂಡ ಫ್ರಾನ್ಸಿಸನನ್ನು ಹಿಂಬಾಲಿಸಿ ಮಕ್ಕಳೊಡನೆ ಲಂಡನ್ನಿಗೆ ಬಂದರೆ, ಬಾಡಿಗೆ ಕೋಣೆಗಳಿಗೆ ಕರಿಯರು ಬರಕೂಡದೆಂಬ ಫಲಕ ಎದುರಾಗುತ್ತದೆ. 1968ರ ಜನಾಂಗ ಸಂಬಂಧಗಳ ಅಧಿನಿಯಮ ಬರುವವರೆಗೆ ಆ ದೇಶದಲ್ಲಿ ಅಂಥ ಫಲಕಕ್ಕೆ ಕಾನೂನಿನ ಅಡ್ಡಿಯಿರಲಿಲ್ಲ. ಸಂಸಾರಕ್ಕೆ ಆಧಾರ ಗ್ರಂಥಾಲಯದಲ್ಲಿ ಅವಳು ಸಂಪಾದಿಸುವ ಸಂಬಳ. ಮೂರನೆಯ ಹೆರಿಗೆ ಕಷ್ಟಕ್ಕಿಟ್ಟುಕೊಂಡು ಶಸ್ತ್ರಚಿಕಿತ್ಸೆಯಾಗುತ್ತದೆ. ವಾರ್ಡಿನಲ್ಲಿ ಮಲಗಿದ ಅಡಾ ಸುತ್ತಲೂ ನೋಡುತ್ತಾಳೆ: ಇತರ ಹೆಂಗಸರಿಗೆ ಮನೆಯಿಂದ ತಂದ ಸ್ವಂತ ರಾತ್ರಿಯುಡುಪು, ಹೂವು, ಶುಭಾಶಯದ ಕಾರ್ಡು, ಅವಳ ಮೈಮೇಲೆ ಆಸ್ಪತ್ರೆಯ ಅಂಗಿ. ಆಶಿಮಾ ಕಂಡುದನ್ನೇ ಅಡಾ ಕೂಡ ಕಾಣುತ್ತಾಳೆ, ಪರರ ದಾಂಪತ್ಯವನ್ನು. ಆದರೆ ಆಶಿಮಾಗೆ ಅದು ತನ್ನದಲ್ಲದ ಒಂದು ರೀತಿಯಾಗಿ ಮಾತ್ರ ತೋರಿದರೆ, ಅಡಾಗೆ ತನ್ನ ಸಂಸಾರವನ್ನು ಅಳೆಯುವ ಮೊಳಕೋಲಾಗುತ್ತದೆ. ಹೆಂಡತಿಯನ್ನು ಹೀಗೂ ನಡೆಸಿಕೊಳ್ಳಬಹುದೆಂಬ ಅರಿವು ಅವಳಿಗೆ ಬರುವುದು ಆ ಹಾಸಿಗೆಯಲ್ಲಿ. ‘ಕೆರೆಗೆ ಹಾರ’ದ ಭಾಗೀರಥಿ ತವರಿಗೆ ಹೋಗಿಯೂ ಹೆತ್ತವರಿಗೆ ಹೇಳಲಾರದ ನಿಜವನ್ನು ಗೆಳತಿಗೆ ಮಾತ್ರ ಹೇಳುವುದನ್ನು ಇಲ್ಲಿ ನೆನೆಯಬಹುದು. ಅಡಾಗೆ ವಾರ್ಡಿನ ಅಪರಿಚಿತೆಯರೇ ಅಂಥ ಗೆಳತಿಯರ ಸ್ಥಾನದಲ್ಲಿದ್ದಾರೆ; ಅವಳ ಒಳಗಿನ ನಿಜವನ್ನು ಅವರು ತಿಳಿಯದೆಯೇ ಹೊರಗೆ ತರುತ್ತಾರೆ.

ಪರದೇಶವಾಸವೆಂಬುದು ಮುಗಿಯದ ಬಸುರಿನಂತೆ, ಸದಾ ಕಾಯುವ, ಸದಾ ಹೊರುವ, ಸದಾ ಮೈಸರಿಯಿಲ್ಲದ ಸ್ಥಿತಿ ಎಂಬರ್ಥದ ರೂಪಕವೊಂದನ್ನು ಲಾಹಿರಿ ಮುಂದೆ ಬಳಸಿದ್ದಾರೆ. ಅದು ಬಹಳ ಮೆಚ್ಚಿಗೆ ಪಡೆದ ಮಾತು; ಸುಂದರವೂ ಹೌದು. ಆದರೆ ಎಮೆಚೇಟಾರಲ್ಲಿ ಅದೇ ಮಾತು ವಾಚ್ಯಾರ್ಥವಾಗಿದೆ. ಅಡಾ ನಿಜವಾಗಿಯೂ ಮತ್ತೆ ಮತ್ತೆ ಬಸುರಿಯಾಗುತ್ತಾಳೆ, ಕಾದಂಬರಿ ಮುಗಿಯುವಾಗಲೂ ಬಸುರಿಯಾಗಿಯೇ ಇದ್ದಾಳೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ವಾಚ್ಯವೇ ಇಷ್ಟು ತೀವ್ರವಾಗಿರುವೆಡೆ ರೂಪಕ ಕೊಂಚ ಸುಖವಾಸಿಯಂತೆ ಕಂಡರೆ ತಪ್ಪಿಲ್ಲ.

ಇಷ್ಟು ಭಿನ್ನವಾದ ಎರಡು ಕೃತಿಗಳೂ ಒಂದೆಡೆ ಕೂಡುತ್ತವೆ, ಅದು ಕಾಗದದ ಎದುರು. ಆಶಿಮಾಳ ಶಿಶುವಿನ ಹೆಸರನ್ನು ಆರಿಸುವ ಅಧಿಕಾರ ಕಲಕತ್ತೆಯ ಅಜ್ಜಿಯದು. ಅಜ್ಜಿ ಹಾಕಿದ ಪತ್ರ ಬಂದು ಸೇರುವುದಿಲ್ಲ. ಜನನಪತ್ರವಿಲ್ಲದೆ ಮಗು ಆಸ್ಪತ್ರೆಯನ್ನು ಬಿಡುವಂತಿಲ್ಲ, ಹೆಸರಿಲ್ಲದೆ ಜನನಪತ್ರವಾಗುವಂತಿಲ್ಲ. ರೈಲು ಅಪಘಾತದಲ್ಲಿ ತನ್ನ ಜೀವವುಳಿಸಿದ ಪುಸ್ತಕದ ನೆನಪಿನಿಂದ ಗೊಗೊಲ್ ಎಂಬ ಹೆಸರನ್ನು ತಂದೆ ಸೂಚಿಸಿ ಸದ್ಯಕ್ಕೆ ಪಾರಾಗುತ್ತಾನೆ. ಆ ‘ಸದ್ಯ’ವೇ ಮುಂದಿನ ಕಥೆಯೆಲ್ಲವೂ ಆಗುತ್ತದೆ. ಕಥಾಕಾಲದ ಮರುವರ್ಷ ಭಾರತದಲ್ಲಿ ಅಂಗೀಕಾರವಾದ 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಕಲಮು ಹೆಸರಿಡದ ಶಿಶುವನ್ನೂ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಲು ಎಡೆಗೊಟ್ಟಿದೆ. ಅಜ್ಜಿಯ ಕಾಗದಕ್ಕಾಗಿ ಕಾಯಲು ಒಂದು ಸರ್ಕಾರದ ಪುಸ್ತಕದಲ್ಲಿ ಖಾಲಿ ಕಲಮು ಉಂಟು, ಇನ್ನೊಂದು ಆಸ್ಪತ್ರೆಯ ಕಚೇರಿಯಲ್ಲಿ ಇಲ್ಲ. ಕಾದಂಬರಿಯ ದುರಂತಕ್ಕೆ ಬೀಜ ಸಂಸ್ಕೃತಿಗಳ ಘರ್ಷಣೆಯೆಂಬ ದೊಡ್ಡ ಮಾತಿನಲ್ಲಿರುವುದಕ್ಕಿಂತ ಈ ಖಾಲಿ ಕಲಮಿನಲ್ಲಿ ಹೆಚ್ಚಾಗಿದೆ.

ಅಡಾಳ ಎದುರಿನ ಕಾಗದ ಇನ್ನೂ ಕ್ರೂರವಾದುದು. ಇನ್ನು ಮಕ್ಕಳು ಬೇಡವೆಂದು ಅವಳು ಗರ್ಭನಿರೋಧದ ಚಿಕಿತ್ಸಾಲಯಕ್ಕೆ ಹೋದರೆ, ಅರ್ಜಿಗೆ ಗಂಡನ ಸಹಿ ಬೇಕು. ಅವಳು ಫ್ರಾನ್ಸಿಸನ ಸಹಿಯನ್ನು ತಾನೇ ಹಾಕುತ್ತಾಳೆ. ದಿಲೀಪನು ಕೇಳಿ ಕೇಳಿ ತಿಳಿಯಬಯಸಿದ ಗರ್ಭಿಣಿಯ ಇಚ್ಛೆ ಇಲ್ಲಿ ಖೋಟಾ ಸಹಿಯಾಗಿ ಹೊರಬಂದಿದೆ! ಗುಟ್ಟು ಬಯಲಾದಾಗ ಅವಳು ಹೊಡೆತ ತಿನ್ನುತ್ತಾಳೆ, ಸುದ್ದಿ ಅತ್ತೆಮಾವಂದಿರವರೆಗೂ ಹೋಗುತ್ತದೆ. ಸಮುದ್ರದಾಚೆಯ ಬಂಧುವರ್ಗ ಸಹಾಯಕ್ಕೆ ಒದಗದಿದ್ದರೂ ಶಿಕ್ಷೆಗೆ ಒದಗುತ್ತದೆಂಬ ಈ ಸೂಕ್ಷ್ಮವನ್ನು ತವರಿನ ಹಂಬಲದ ವಿಮರ್ಶೆ ಕಾಣಲಾರದು. ಮುಂದೆ ಅಡಾ ಬರೆದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಫ್ರಾನ್ಸಿಸ್ ಸುಡುತ್ತಾನೆ. ಎಮೆಚೇಟಾ ತಮ್ಮ ಸುಟ್ಟುಹೋದ ಕೃತಿಯನ್ನು ಮತ್ತೆ ಬರೆದು ‘ದಿ ಬ್ರೈಡ್ ಪ್ರೈಸ್’ ಎಂಬ ಹೆಸರಿನಲ್ಲಿ 1976ರಲ್ಲಿ ಪ್ರಕಟಿಸಿದುದು ಸಾಹಿತ್ಯಚರಿತ್ರೆಗೆ ಸೇರಿದ ಸಂಗತಿ.

ದೋಷಗಳನ್ನು ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾದೀತು. ಫ್ರಾನ್ಸಿಸನ ಚಿತ್ರಣಕ್ಕೆ ಆಳ ಸಾಲದು. ಅವನನ್ನು ಹಾಗೆ ಮಾಡಿದ ಲಂಡನ್ನಿನ ಬಗೆಗೆ ಲೇಖಕಿ ಅಲ್ಲಲ್ಲಿ ಸೂಚಿಸಿ ಕೈಬಿಡುತ್ತಾರೆ, ಅವರ ಗದ್ಯಕ್ಕೆ ಲಾಹಿರಿಯವರ ನಯವೂ ಇಲ್ಲ. ಲಾಹಿರಿಯವರ ನಯವೋ, ಎರಡನೆಯ ಬಸುರಿನ ವೇಳೆಗೆ ಅವಸರಕ್ಕೆ ತಿರುಗುತ್ತದೆ. ಮಗಳು ಹುಟ್ಟುವಾಗ ದಂಪತಿಗಳು ಪಾಠ ಕಲಿತಿದ್ದಾರೆ: ಮನೆಯ ಹೆಸರು, ಹೊರಗಿನ ಹೆಸರು ಎಂಬ ಎರಡರ ಗೊಡವೆಯೇ ಬೇಡವೆಂದು ಒಂದೇ ಹೆಸರನ್ನು ನಿಶ್ಚಯಿಸುತ್ತಾರೆ. ಕಚೇರಿಯ ಪುಸ್ತಕ ಬಂಗಾಳಿ ಮನೆಯೊಳಗಿನ ಪದ್ಧತಿಯನ್ನು ತಿದ್ದಿಬಿಟ್ಟಿತು. ಆಶಿಮಾಗೆ ಆಗ ಏನನ್ನಿಸಿತೆಂಬುದಕ್ಕೆ ಲೇಖಕಿ ಒಂದು ಪುಟವನ್ನಾದರೂ ಕೊಡಬಹುದಾಗಿತ್ತು.

ಎಮೆಚೇಟಾರ ಕೊನೆಯ ಪ್ರಸಂಗ ನ್ಯಾಯಾಲಯದಲ್ಲಿ ನಡೆಯುತ್ತದೆ. ತಮಗೆ ಮದುವೆಯೇ ಆಗಿಲ್ಲವೆಂದು ಫ್ರಾನ್ಸಿಸ್ ವಾದಿಸುತ್ತಾನೆ. ವಿವಾಹಪತ್ರ, ಅವಳ ಪಾಸ್‌ಪೋರ್ಟು, ಮಕ್ಕಳ ಜನನಪತ್ರಗಳು, ಎಲ್ಲವನ್ನೂ ಅವನು ಮೊದಲೇ ಸುಟ್ಟಿದ್ದಾನೆ. ನಾಲ್ಕು ಮಕ್ಕಳನ್ನು ಹೆತ್ತು ಐದನೆಯದನ್ನು ಹೊತ್ತಿರುವ ಅಡಾಳ ಕೈಯಲ್ಲಿ ತಾನು ಹೆಂಡತಿಯೆಂದು ತೋರಿಸುವ ಒಂದು ತುಂಡು ಕಾಗದವೂ ಇಲ್ಲ. ಮಕ್ಕಳು ತನ್ನವರು, ತನಗೆ ಅಷ್ಟು ಸಾಕು ಎಂದು ಅವಳು ನ್ಯಾಯಾಧೀಶರಿಗೆ ಹೇಳುತ್ತಾಳೆ.